ಬೋರ್ಡಿನ ಹಿಂದಿನ ಸಂಸಾರ

ಹುಳ ಇರುವ ಅಕ್ಕಿ ಬೇಕು ಎಂದು ಬಾಯಿಬಿಟ್ಟು ಕೇಳುವುದು ಹೇಗೆ? ನೇರವಾಗಿ ಕೇಳಿದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಸುತ್ತಿ ಬಳಸಿ ಕೇಳಿದರೆ ಫುಡ್ ಇನ್‌ಸ್ಪೆಕ್ಟರ್ ಇರಬೇಕೆಂದು ಕಾಫಿ ತರಿಸುತ್ತಾರೆ. ಸುಮ್ಮನೆ ಒಂದು ಕಿಲೋ ಕಟ್ಟಿಸಿಕೊಂಡು ಹೋಗಿ ಹುಳ ಬೀಳಲಿ ಎಂದು ಕಾಯೋಣವೆಂದರೆ, ಬೋರ್ಡಿನ ಹಿಂದಿನ ಮೂರು ಬಾಯಿಗಳು ಅಲ್ಲಿಯವರೆಗೆ ತಾಳಬೇಕಲ್ಲ.

ಮಲ್ಲೇಶ್ವರದ ಆ ಆರ್ಗ್ಯಾನಿಕ್ ಅಂಗಡಿಯ ಮುಂದೆ ಈಶ್ವರ ಹತ್ತು ನಿಮಿಷದಿಂದ ನಿಂತೇ ಇದ್ದ. ಅಕ್ಕಿಪೇಟೆಯ ಶಿವರುದ್ರಪ್ಪನವರ ಮಂಡಿಯಲ್ಲಿ ಅಕ್ಕಿ ನೋಡುವುದು ಅವನ ಕೆಲಸ. ಮೂವತ್ತೊಂದು ವರ್ಷದಿಂದ ಅದೊಂದೇ ಕೆಲಸ. ಲಾರಿ ಬಂದು ನಿಂತರೆ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಜಾರಿ ಬಂದ ಅಕ್ಕಿಯನ್ನು ಅಂಗೈ ಮೇಲೆ ಹರಡಿ, ಉಜ್ಜಿ, ಊದಿ, ಮೂಸಿ, ಒಂದು ಕಾಳು ಕಡಿದು ಅವನು ‘ಇಳಿಸಿ’ ಅಂದರೆ ಲೋಡು ಇಳಿಯುತ್ತಿತ್ತು. ‘ಹುಳ’ ಅಂದರೆ ಲಾರಿ ಬಂದ ದಾರಿಯಲ್ಲೇ ವಾಪಸ್ಸು. ಅಂಥವನು ಈಗ ಹುಳ ಹುಡುಕಿಕೊಂಡು ಅಕ್ಕಿಪೇಟೆಯಿಂದ ಶ್ರೀರಾಂಪುರ, ಶ್ರೀರಾಂಪುರದಿಂದ ಮಲ್ಲೇಶ್ವರ ಅಲೆದಿದ್ದ. ಎಲ್ಲ ಕಡೆಯೂ ಅಕ್ಕಿ ಗಾಜಿನ ಚೂರಿನ ಹಾಗೆ ಸ್ವಚ್ಛ. ಹೊಟ್ಟೆ ಉರಿಯುವಷ್ಟು ಸ್ವಚ್ಛ.

ಕೊನೆಗೆ ಒಳಗೆ ಹೋದ. ಮಣ್ಣಿನ ಮಡಕೆಗಳಲ್ಲಿ ಅಕ್ಕಿ ತುಂಬಿಟ್ಟಿದ್ದರು. ಕೇಳುವ ಮೊದಲೇ ಅವನ ಕೈ ರಾಜಮುಡಿಯ ಮಡಕೆಗೆ ಇಳಿದಿತ್ತು. ಬೆರಳಿಗೆ ಹಿಟ್ಟು ಮೆತ್ತಿತು. ಎರಡು ಕಾಳು ನೂಲಿನಿಂದ ಹೊಲಿದ ಹಾಗೆ ಅಂಟಿಕೊಂಡಿದ್ದವು. ಅದನ್ನು ಕಂಡು ಅವನ ಮನಸ್ಸು ಹಿಗ್ಗಿದ್ದು ಜನ್ಮದಲ್ಲಿ ಇದೇ ಮೊದಲು.

“ಇದರಲ್ಲಿ ಹುಳ ಇದೆ ಅಲ್ವಾ?”

ತಲೆಗೆ ಜುಟ್ಟು ಕಟ್ಟಿದ್ದ ಮಾಲೀಕ ಒಂದಿಷ್ಟೂ ನಾಚಲಿಲ್ಲ. “ಇರ್ಲೇಬೇಕು ಸರ್. ಹುಳ ಇದೆ ಅಂದ್ರೆ ವಿಷ ಹಾಕಿಲ್ಲ ಅಂತ. ನಮ್ಮ ಗ್ಯಾರಂಟೀನೇ ಅದು.”

“ಇನ್ನೂ ಜಾಸ್ತಿ ಹುಳ ಇರೋದು ಇದ್ಯಾ?”

ಮಾಲೀಕ ಅವನನ್ನು ಗೌರವದಿಂದ ನೋಡಿದ. “ನೀವು ಬಹಳ ವರ್ಷದಿಂದ ಆರ್ಗ್ಯಾನಿಕ್ಕೇ ತಿಂತಿದೀರಾ ಅನ್ಸುತ್ತೆ,” ಎಂದು ಒಳಗೆ ಹೋಗಿ ಮಡಕೆಯ ತಳದ್ದನ್ನೇ ಕೆರೆದು ತಂದುಕೊಟ್ಟ. ಮಂಡಿಯಲ್ಲಾಗಿದ್ದರೆ ಮೋರಿಗೆ ಸುರಿಸುತ್ತಿದ್ದ ಮಾಲಿಗೆ ಈಶ್ವರ ಎರಡು ಪಟ್ಟು ಬೆಲೆ ತೆತ್ತು, ಪೊಟ್ಟಣವನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ಹಿಡಿದು ಬಸ್ಸು ಹತ್ತಿದ.

ಇದಕ್ಕೆಲ್ಲ ಕಾರಣ ಆರಾಧನಾ ಎಂಬ ಹುಡುಗಿ. ಬಸವನಗುಡಿಯವಳು. ಎಂ.ಎಸ್ಸಿ. ಮುಗಿಸಿ ಗುಬ್ಬಿ ಎಣಿಸುತ್ತಿದ್ದಳು. ಕುತ್ತಿಗೆಗೆ ದುರ್ಬೀನು ಹಾಕಿಕೊಂಡು ಅಕ್ಕಿಪೇಟೆಗೆ ಬಂದ ದಿನ, ಫುಟ್‌ಪಾತಿನ ಮೇಲೆ ಚಾಚಿದ ಶೀಟು ಕೀಳಿಸಲು ಕಾರ್ಪೊರೇಷನ್ನಿನವರು ಬಂದರೆಂದು ಆ ಸಾಲಿನ ನಾಲ್ಕು ಅಂಗಡಿಗಳು ಬಾಗಿಲು ಹಾಕಿದ್ದವು. ಅವಳು ಸೀದಾ ಶಿವರುದ್ರಪ್ಪನವರ ಮಂಡಿಯ ಮುಂದೆ ನಿಂತು ಬೋರ್ಡು ನೋಡಿದಳು. ತಗಡಿನ ಹಳೆಯ ಬೋರ್ಡು. ಅದರ ಹಿಂದೆ, ಅಟ್ಟದ ಕಿಂಡಿಗೆ ತಾಗಿದಂತೆ, ಗುಬ್ಬಿಯ ಗೂಡು.

“ಅಂಕಲ್, ನಾನು ನೋಡ್ತಿರೋ ಮೂರು ಬೀದೀಲಿ ಉಳಿದಿರೋದು ಇದೊಂದೇ ಜೋಡಿ. ಮರಿ ಆಗುತ್ತಾ?”

“ಆಗುತ್ತಮ್ಮ. ಆದ್ರೆ ಉಳಿಯಲ್ಲ. ಹೋದ ವರ್ಷ ಎರಡು ಸಲ ಆಯ್ತು, ಎರಡು ಸಲಾನೂ ಕೆಳಗೆ ಬಿದ್ದಿದ್ವು. ಏನು ಕಾಯಿಲೆಯೋ. ಊಟಕ್ಕಂತೂ ಕಮ್ಮಿ ಇಲ್ಲ ಇಲ್ಲಿ.”

ಆ ಮಾತು ನಿಜವೇ. ಕೈಗೆ ಬಂದ ಅಕ್ಕಿಯನ್ನು ಮತ್ತೆ ಚೀಲಕ್ಕೆ ಹಾಕಬಾರದು ಎಂಬುದು ಆ ಮಂಡಿಯ ಪದ್ಧತಿ. ಒಬ್ಬರು ಮೂಸಿದ್ದನ್ನು ಇನ್ನೊಬ್ಬರಿಗೆ ಅಳೆದುಕೊಡುವುದು ತಪ್ಪೆಂದು ಶಿವರುದ್ರಪ್ಪನವರ ತಂದೆ ಮಾಡಿಟ್ಟದ್ದು. ನೋಡಿದ ಅಕ್ಕಿಯನ್ನೆಲ್ಲ ಹೊಸ್ತಿಲಾಚೆ ಎಸೆಯುವುದು ಈಶ್ವರನಿಗೆ ಉಸಿರಾಟದಷ್ಟೇ ರೂಢಿ. ಒಂದು ಕಾಲಕ್ಕೆ ಅವನು ಕೈ ಎತ್ತಿದರೆ ಸಾಕು, ಬೀದಿಗೆ ಬೀದಿಯೇ ಗುಬ್ಬಿ. ಊರು ಬೆಳೆಯಿತು, ಬಾಯಿಗಳು ಹೆಚ್ಚಿದವು, ದಿನಕ್ಕೊಂದು ಲಾರಿ ಇಳಿಸುತ್ತಿದ್ದ ಮಂಡಿ ಮೂರು ಇಳಿಸತೊಡಗಿತು. ಅವನು ಎಸೆಯುವ ಅಕ್ಕಿಯೂ ಹೆಚ್ಚಿತು. ಗುಬ್ಬಿ ಮಾತ್ರ ಕಡಿಮೆಯಾಗುತ್ತ ಬಂತು. ಈ ತಾಳೆ ಬೀಳದ ವಿಷಯವನ್ನು ಅವನು ಯಾರ ಬಳಿಯೂ ಆಡಿರಲಿಲ್ಲ. ಆಡಿದರೆ ಆಡಿಕೊಳ್ಳುತ್ತಾರೆ.

“ಅಕ್ಕಿ ದೊಡ್ಡವಕ್ಕೆ ಅಂಕಲ್,” ಎಂದಳು ಆರಾಧನಾ. “ಮರಿಗಳಿಗೆ ಮೊದಲು ಒಂದು ಹತ್ತು ದಿನ ಹುಳಾನೇ ಬೇಕು. ಮೆತ್ತಗಿರೋ ಹುಳ. ಅದಿಲ್ದೆ ಅವು ಬೆಳೆಯಲ್ಲ. ನೀವು ಅಪ್ಪ ಅಮ್ಮಂಗೆ ಮದುವೆ ಊಟ ಹಾಕಿ ಮಕ್ಕಳನ್ನ ಉಪವಾಸ ಕೆಡವಿದೀರ.”

“ಹುಳ ತರ್ಬೇಕಾದ್ದು ಅವುಗಳ ಕೆಲಸ ಅಲ್ವೇನಮ್ಮ?”

“ಎಲ್ಲಿಂದ ತರ್ತಾವೆ? ಊರಿನ ಸುತ್ತ ಇದ್ದ ಹೊಲ ಅರ್ಧ ಸೈಟಾಯ್ತು. ಮಿಕ್ಕಿದ್ದ ಹೊಲದಲ್ಲಿ ಡಬಲ್ ಬೆಳೀಬೇಕು, ತಿನ್ನೋರು ಜಾಸ್ತಿ ಆದ್ರಲ್ಲ. ಅದಕ್ಕೇ ಔಷಧಿ ಹೊಡೀತಾರೆ. ಕಾಳಿನ ಮೇಲೆ ಒಂದು ಚುಕ್ಕೆ ಇದ್ರೂ ಪೇಟೆಯವರು ತಗೊಳ್ಳಲ್ವಂತೆ, ವಾಪಸ್ ಕಳಿಸ್ತಾರಂತೆ. ರೈತರು ಏನ್ ಮಾಡ್ತಾರೆ ಪಾಪ.”

ಈಶ್ವರ ಕೊಳವೆಯನ್ನು ಬೆನ್ನ ಹಿಂದೆ ಸರಿಸಿದ. ವಾಪಸ್ ಕಳಿಸುವ ಆ ಪೇಟೆಯವರು ಯಾರು ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವಳು ಅತ್ತ ಹೋದ ಮೇಲೆ ಬೋರ್ಡಿನ ಹಿಂದಿನಿಂದ ತೆಳ್ಳಗೆ, ದಾರ ಎಳೆದ ಹಾಗೆ, ಮರಿಗಳ ಸದ್ದು ಕೇಳಿಸಿತು. ಆ ಮಧ್ಯಾಹ್ನವೇ ಅವನು ಹುಳ ಹುಡುಕಲು ಹೊರಟದ್ದು.

ಅಟ್ಟದ ಮೇಲೆ ಖಾಲಿ ಗೋಣಿಗಳ ಹಿಂದೆ ಒಂದು ಬಿಸ್ಕತ್ತಿನ ಡಬ್ಬ. ಅದರಲ್ಲಿ ರಾಜಮುಡಿ. ಬಾಯಿಗೆ ಹಳೆಯ ಪಂಚೆಯ ತುಂಡು, ಹುಳಕ್ಕೆ ಗಾಳಿಯಾಡಲಿ ಎಂದು. ಅಂಗಡಿ ತೆಗೆದ ಕೂಡಲೇ ಏಣಿ ಹತ್ತಿ, ಬಿಳಿ ಹುಳಗಳನ್ನು ಆರಿಸಿ ತೆಂಗಿನ ಕರಟದಲ್ಲಿಟ್ಟು ಕಿಂಡಿಯ ಹತ್ತಿರ ಸರಿಸುತ್ತಿದ್ದ. ಮೊದಲ ದಿನ ಹೆಣ್ಣುಗುಬ್ಬಿ ಕರಟವನ್ನೂ ಅವನನ್ನೂ ಬದಲಿಸಿ ಬದಲಿಸಿ ನೋಡಿತು. ಮಾಲು ಚೆನ್ನಾಗಿದ್ದರೂ ಮೂಗು ಮುರಿಯುವ ಗಿರಾಕಿಗಳ ನೋಟ ಅದು. ಈಶ್ವರನಿಗೆ ಆ ನೋಟ ಗೊತ್ತಿತ್ತು. ಅವನು ಎಂದಿನಂತೆ ಬೇರೆಲ್ಲೋ ನೋಡುತ್ತ ನಿಂತ. ಅದು ಒಂದು ಹುಳ ಕಚ್ಚಿ, ಕುಟ್ಟಿ ನೋಡಿ, ಒಳಗೆ ಹೋಯಿತು. ವ್ಯಾಪಾರ ಕುದುರಿತು.

ಮೂರು ಮರಿಗಳಲ್ಲಿ ಎರಡು ಉಳಿದವು. ಯುಗಾದಿಗೆ ಮುಂಚೆಯೇ ಹಾರಿ, ಎದುರಿನ ಕರೆಂಟಿನ ತಂತಿಯ ಮೇಲೆ ಕೂತು ಅಂಗಡಿಯನ್ನು ನೋಡಿದವು. ಏಪ್ರಿಲ್ ಕೊನೆಗೆ ಗೂಡಿನಲ್ಲಿ ಮತ್ತೆ ನಾಲ್ಕು ಮರಿ.

ಆದರೆ ಅಕ್ಷಯ ತದಿಗೆಗೆ ಆ ಬೋರ್ಡು ಇಳಿಯುವುದಿತ್ತು. ಶಿವರುದ್ರಪ್ಪನವರ ಮಗಳು ಮಹಾನಂದ ಅದನ್ನು ಶಿವರಾತ್ರಿಯ ಹೊತ್ತಿಗೇ ನಿರ್ಧರಿಸಿದ್ದಳು. ಐದು ವರ್ಷದಿಂದ ಮಂಡಿ ನಡೆಸುತ್ತಿದ್ದವಳು ಅವಳೇ. ಶಿವರುದ್ರಪ್ಪನವರು ಗಾದಿಯ ಮೇಲೆ ಕಣ್ಣುಮುಚ್ಚಿ ಕೂರುವುದಷ್ಟೇ. ಇನ್ನು ಬಿಡಿ ಅಕ್ಕಿ ಇಲ್ಲ; ಕಂಪನಿಯಿಂದ ಹೊಲಿದು ಬರುವ ಬಣ್ಣದ ಚೀಲಗಳು, ಹೊಳೆಯುವ ದೀಪದ ಬೋರ್ಡು. ಪರೀಕ್ಷೆಗೆಂದು ಅರವತ್ತು ಚೀಲ ಆಗಲೇ ಬಂದು ಅಟ್ಟದ ಕೆಳಗೆ ಕೂತಿದ್ದವು. ಹೊಲಿದ ಚೀಲಕ್ಕೆ ಕೊಳವೆ ಚುಚ್ಚುವವರಿಲ್ಲ. ಚುಚ್ಚದಿದ್ದರೆ ಅಂಗೈಗೆ ಅಕ್ಕಿ ಬರುವುದಿಲ್ಲ. ಅಂಗೈಗೆ ಬರದ ಅಕ್ಕಿ ಬೀದಿಗೂ ಬೀಳುವುದಿಲ್ಲ.

“ಈಶ್ವರಣ್ಣ, ನಿಮಗೆ ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿಸ್ತೀನಿ,” ಎಂದಿದ್ದಳು. “ಬಿಲ್ ಒತ್ತೋದು ಅಷ್ಟೆ. ಈ ವಯಸ್ಸಲ್ಲಿ ಧೂಳು ಕುಡ್ಕೊಂಡು ಯಾಕೆ.”

“ಆಗ್ಲಿ ಬಿಡವ್ವ.”

ಅವಳು ಎಂಟು ವರ್ಷದವಳಿದ್ದಾಗ ಅವಳ ಪುಟ್ಟ ಅಂಗೈಯನ್ನು ಬಿಡಿಸಿ, ಅಕ್ಕಿ ಹರಡಿ, ಹೇಗೆ ಊದಬೇಕು, ಹೇಗೆ ಮೂಸಬೇಕು ಎಂದು ಕಲಿಸಿದವನು ಅವನೇ. ಆ ಚೀಲಗಳು ಬಂದ ದಿನವೂ ಅವಳು ಸುಮ್ಮನಿರಲಿಲ್ಲ. ಒಂದನ್ನು ಬಿಚ್ಚಿ, ಅವನು ಕಲಿಸಿದ ಹಾಗೆಯೇ ನೋಡಿ, ‘ಚೆನ್ನಾಗಿದೆ’ ಎಂದು ಇಳಿಸಿಕೊಂಡಿದ್ದಳು. ಅವನನ್ನು ಕರೆದಿರಲಿಲ್ಲ. ಅದು ಅವನಿಗೆ ಸ್ವಲ್ಪ ಚುಚ್ಚಿತ್ತು. ಸ್ವಲ್ಪವೇ.

ಬೋರ್ಡು ಇಳಿಸಲು ನಾಲ್ಕು ದಿನ ಉಳಿದಿರುವಾಗ ಚಂದ್ರಶೇಖರಯ್ಯ ಬಂದರು. ಚಾಮರಾಜಪೇಟೆಯವರು. ಮದುವೆಗಳಿಗೆ ಅಡುಗೆ ಹಿಡಿಯುವ ಕಂಟ್ರಾಕ್ಟರು. ಅವರ ಒಂದು ಸೀಸನ್ನು ಮಂಡಿಯ ಅರ್ಧ ವರ್ಷಕ್ಕೆ ಸಮ. ಹಣೆಗೆ ಮೂರು ಬೆರಳಗಲ ವಿಭೂತಿ ಧರಿಸಿ, ಬೆಂಚಿನ ಮೇಲೆ ಕೂತು ಕಾಫಿ ಹೀರುತ್ತಿದ್ದರು. ಎಲ್ಲಿಂದಲೋ ಬೂದು ಬಣ್ಣದ ಒಂದು ಪುಟ್ಟ ಚಿಟ್ಟೆ ಸುತ್ತು ಹಾಕುತ್ತ ಇಳಿದು ಆ ವಿಭೂತಿಯ ಮೇಲೆ ಕೂತಿತು. ಬೂದಿಗೆ ಬೂದಿ ಸೇರಿ, ಅಲ್ಲಿಯದೇ ಎಂಬಂತೆ ಕಂಡಿತು.

ಈಶ್ವರ ಚಿಟ್ಟೆಯನ್ನು ನೋಡಿದ, ಆಮೇಲೆ ಅಟ್ಟದ ಕಡೆ ನೋಡಿದ. ಮೂವತ್ತೊಂದು ವರ್ಷ ಸಾವಿರಾರು ಹುಳ ಹಿಡಿದಿದ್ದವನು, ಹಿಡಿದದ್ದನ್ನೆಲ್ಲ ಅಲ್ಲೇ ಹೊಸಕಿದ್ದ. ಒಂದು ಹುಳಕ್ಕಾದರೂ ಮುಂದೇನಾಗುತ್ತದೆ ಎಂದು ನೋಡುವಷ್ಟು ಪುರುಸೊತ್ತು ಕೊಟ್ಟಿರಲಿಲ್ಲ. ಅದಕ್ಕೆ ರೆಕ್ಕೆ ಬರುತ್ತದೆ ಎಂಬುದು ಅವನ ತಲೆಯಲ್ಲೇ ಇರಲಿಲ್ಲ.

“ಈಶ್ವರಪ್ಪನವರೇ, ನನ್ನ ಹಣೆ ಮೇಲೆ ಏನೋ ಇದ್ಯಾ?”

“ಏನಿಲ್ಲ ಬಿಡಿ. ವಿಭೂತಿ ಸ್ವಲ್ಪ ದಪ್ಪ ಆಗಿದೆ.”

“ವಿಭೂತಿ ನಡೀತಾ ಇದೆಯಲ್ರೀ.”

ಮಹಾನಂದ ತಲೆ ಎತ್ತಿದಳು. ಅಷ್ಟರಲ್ಲಿ ಇನ್ನೊಂದು ಚಿಟ್ಟೆ ಗೋಡೆಯ ಮೇಲೆ, ಮತ್ತೊಂದು ಅವಳ ಕಂಪ್ಯೂಟರಿನ ಮೇಲೆ. ಅವಳ ಮುಖ ಬಿಗಿಯಿತು. “ಅಕ್ಕಿಯಿಂದ ಎದ್ದಿರೋ ಚಿಟ್ಟೆ ಇದು. ನೋಡಿದ್ಯಾ ಅಪ್ಪ? ಬಿಡಿ ಅಕ್ಕಿ ಇಟ್ಕೊಂಡ್ರೆ ಇದೇ ಕಥೆ.”

“ಮಂಡಪದಲ್ಲಿ ಬೀಗರ ಎಲೆ ಮೇಲೆ ಇದು ಕೂತ್ರೆ ನನ್ನ ಗತಿ ಏನಮ್ಮ?” ಚಂದ್ರಶೇಖರಯ್ಯ ಕಾಫಿ ಲೋಟವನ್ನು ಕೆಳಗಿಟ್ಟರು. ಆಮೇಲೆ ಅದರೊಳಗೂ ಒಮ್ಮೆ ಇಣುಕಿದರು.

ಬಿಡಿ ಅಕ್ಕಿಯ ಚೀಲಗಳನ್ನೆಲ್ಲ ಅವರೆದುರಿಗೇ ನೋಡಿದ್ದಾಯಿತು. ಈಶ್ವರ ಚುಚ್ಚಿದ, ಮಹಾನಂದ ಅಂಗೈ ಒಡ್ಡಿದಳು, ಚಂದ್ರಶೇಖರಯ್ಯ ಕನ್ನಡಕ ಏರಿಸಿದರು. ಮೂರು ದಿನಕ್ಕೊಮ್ಮೆ ಖಾಲಿಯಾಗುವ ಮಾಲು; ಒಂದರಲ್ಲೂ ಏನಿಲ್ಲ. ಉಳಿದದ್ದು ಅಟ್ಟ. ಮಹಾನಂದ ಏಣಿಯ ಕಡೆ ನೋಡಿದಳು. ಅವಳು ಹತ್ತಿದರೆ ಮೊದಲು ಡಬ್ಬ ಸಿಗುತ್ತದೆ. ಡಬ್ಬದ ಹಿಂದೆ ಕರಟ, ಕರಟದ ಹಿಂದೆ ಗೂಡು. ಇವತ್ತೇ ಎಲ್ಲ ಗುಡಿಸಿ ಕೆಳಗೆ.

ಆಗ ಶಿವರುದ್ರಪ್ಪನವರು ಕಣ್ಣು ಮುಚ್ಚಿದ್ದ ಹಾಗೆಯೇ ಮಾತಾಡಿದರು. “ಈಶ್ವರ, ಆ ಹೊಲಿದ ಚೀಲಾನೂ ಒಂದು ನೋಡು.”

“ಅದು ಫ್ಯಾಕ್ಟರಿಯಿಂದ ಸೀಲಾಗಿ ಬಂದಿರೋದಪ್ಪ. ಗಾಳೀನೂ ಹೋಗಲ್ಲ.”

“ಹೋಗಲ್ಲ ಅಂದ್ಮೇಲೆ ಚುಚ್ಚೋಕೆ ಏನಂತೆ?”

ಗಾಳಿ ಹೋಗದಿದ್ದರೂ ದಾರ ಹೋಗಿತ್ತು. ಚೀಲದ ಬಾಯಿಗೆ ಹಾಕಿದ ಹೊಲಿಗೆಯ ಉದ್ದಕ್ಕೂ ಸೂಜಿಯ ತೂತು. ಎರಡು ತಿಂಗಳು ಆ ಚೀಲಗಳು ಕೂತಿದ್ದದ್ದು ಡಬ್ಬದ ನೇರ ಕೆಳಗೆ. ಪ್ರತಿ ಬೇಸಿಗೆಗೆ ತಪ್ಪದೆ ಇಡುತ್ತಿದ್ದ, ಹುಳ ಕೊಲ್ಲುವ ಮದ್ದಿನ ಮಾತ್ರೆಯನ್ನು, ಮೇಲೆ ಮರಿಗಳಿವೆಯೆಂದು, ಈ ಸಲ ಈಶ್ವರ ಇಟ್ಟಿರಲೇ ಇಲ್ಲ. ಕೊಳವೆ ಚುಚ್ಚುವಾಗ ಅವನಿಗೆ ತಾನು ಏನನ್ನು ಬಯಸುತ್ತಿದ್ದೇನೆ ಎಂಬುದೇ ತಿಳಿಯದಾಯಿತು. ಹುಳ ಇಲ್ಲದಿದ್ದರೆ ಇವಳು ಅಟ್ಟ ಹತ್ತುತ್ತಾಳೆ. ಇದ್ದರೆ?

ಅಕ್ಕಿ ಜಾರಿ ಅಂಗೈಗೆ ಬಂತು. ಮೂಸುವ ಅಗತ್ಯವೇ ಇರಲಿಲ್ಲ. ಆದರೂ ಮೂಸಿದ. ನೂಲು ಸುತ್ತಿದ ಮೂರು ಕಾಳು, ಪಕ್ಕದಲ್ಲಿ ಬೆಳ್ಳಗೆ, ಕೊಬ್ಬಿ, ಹೊರಳುವ ಒಂದು ಹುಳ. ಗುಬ್ಬಿಗೆ ಬಹಳ ಇಷ್ಟವಾಗುವ ಗಾತ್ರ. ಅಕ್ಕಿಯ ವಿಷಯದಲ್ಲಿ ಅವನು ಇವತ್ತಿನವರೆಗೆ ಸುಳ್ಳು ಹೇಳಿದವನಲ್ಲ.

“ಹುಳ,” ಎಂದ.

ಚಂದ್ರಶೇಖರಯ್ಯ ತೊಡೆ ತಟ್ಟಿದರು. “ನೋಡಿದ್ರಾ? ಬಣ್ಣದ ಚೀಲ ಅಂದಾಗ್ಲೇ ನನಗೆ ಡೌಟು. ಮುಖಕ್ಕೆ ಪೌಡರ್ ಜಾಸ್ತಿ ಇದ್ರೆ ಒಳಗೆ ಏನೋ ಇದೆ ಅಂತಾನೇ. ಈಶ್ವರಪ್ಪನವರ ಕೈ ಇರೋವರೆಗೂ ನನಗೆ ಬಿಡಿ ಅಕ್ಕೀನೇ ಇರ್ಲಿ ತಾಯಿ.”

ಮಹಾನಂದ ಆ ಅಕ್ಕಿಯನ್ನು ತನ್ನ ಅಂಗೈಗೆ ಹಾಕಿಸಿಕೊಂಡು ಬಹಳ ಹೊತ್ತು ನೋಡಿದಳು.

ಮಾರನೇ ದಿನ ಕಂಪನಿಯ ಮನುಷ್ಯ ಬಂದ. “ನಮ್ಮಲ್ಲಿ ಹೀಗೆ ಆಗಿದ್ದೇ ಇಲ್ಲ ಮೇಡಂ, ನಿಜವಾಗ್ಲೂ,” ಎಂದು ಮತ್ತೆ ಮತ್ತೆ ಕೈ ಮುಗಿದ. ಅವನ ಮಾತು ನಿಜವೆಂದು ನಂಬಿದ್ದವನು ಆ ಅಂಗಡಿಯಲ್ಲಿ ಈಶ್ವರ ಒಬ್ಬನೇ. ಅರವತ್ತು ಚೀಲ ಟೆಂಪೋ ಹತ್ತಿದವು. ದೀಪದ ಬೋರ್ಡಿನವರಿಗೆ ಮಹಾನಂದ ಫೋನು ಮಾಡಿ, ದೀಪಾವಳಿ ಕಳೀಲಿ, ಆಮೇಲೆ ನೋಡೋಣ ಎಂದಳು.

ಟೆಂಪೋ ಹೋದ ಮೇಲೆ ಶಿವರುದ್ರಪ್ಪನವರು ಕೈಸನ್ನೆ ಮಾಡಿ ಈಶ್ವರನನ್ನು ಹತ್ತಿರ ಕರೆದರು.

“ಆ ಡಬ್ಬಕ್ಕೆ ಸರಿಯಾಗಿ ಮುಚ್ಚಳ ಹಾಕಪ್ಪ,” ಎಂದರು. “ಪಂಚೆ ತುಂಡು ಸಾಲಲ್ಲ.”

“ಯಜಮಾನ್ರೇ, ಅದು...”

“ಏಣಿ ಹತ್ತೋ ವಯಸ್ಸಲ್ಲ ನಂದು. ಆದ್ರೆ ಕಣ್ಣು ಮುಚ್ಕೊಂಡು ಕೂತವನಿಗೆ ಕಿವಿ ಇರುತ್ತೆ. ಹೋದ ವರ್ಷ ಮೂರು ದಿನ ಕೂಗಿ ಸುಮ್ಮನಾಗ್ತಿದ್ವು. ಈ ವರ್ಷ ಸುಮ್ಮನಾಗ್ಲಿಲ್ಲ.” ಅವರು ಮತ್ತೆ ಕಣ್ಣು ಮುಚ್ಚಿದರು. ಆ ಕಥೆ ಅವರ ಕಡೆಯಿಂದ ಅಲ್ಲಿಗೆ ಮುಗಿಯಿತು.

ನಾಲ್ಕು ಮರಿಗಳಲ್ಲಿ ಮೂರು ಹಾರಿದವು. ಆರಾಧನಾ ಬಂದು ದುರ್ಬೀನು ಹಿಡಿದು, ಎಣಿಸಿ, ನಂಬದೆ ಮತ್ತೆ ಎಣಿಸಿದಳು. ಎರಡು ಇದ್ದದ್ದು ಏಳಾಗಿತ್ತು. “ಹುಳ ಎಲ್ಲಿಂದ ತರ್ತಿವೆ ಅಂಕಲ್ ಇವು?” ಎಂದು ಬೀದಿಯ ಆ ತುದಿಯಿಂದ ಈ ತುದಿಗೆ ನೋಡಿದಳು. ಇಡೀ ಬೀದಿಯಲ್ಲಿ ಹಸಿರು ಅಂತ ಇದ್ದದ್ದು ವೀಳ್ಯದೆಲೆ ಮಾರುವವಳ ಬುಟ್ಟಿ ಒಂದೇ. ಅವಳು ಆ ಬುಟ್ಟಿಯ ಫೋಟೋ ತೆಗೆದುಕೊಂಡು, ಪುಸ್ತಕದಲ್ಲಿ ಏನೋ ಬರೆದು, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿದಳು. ಈಶ್ವರ ಅಂಗೈ ಒರೆಸಿಕೊಳ್ಳುತ್ತ ಬೇರೆಲ್ಲೋ ನೋಡುತ್ತಿದ್ದ.

ಅದೇ ಸಂಜೆ ಮಹಾನಂದ ಅವನಿಗೆ ತಾನೇ ಕಾಫಿ ತಂದುಕೊಟ್ಟಳು. ಹೊಸ್ತಿಲ ಹತ್ತಿರ, ಅವನ ಪಕ್ಕದ ಮೂಟೆಯ ಮೇಲೆ ಕೂತಳು. ಚಿಕ್ಕವಳಿದ್ದಾಗ ಕೂರುತ್ತಿದ್ದದ್ದೂ ಅಲ್ಲೇ.

“ನಿಮ್ಮನ್ನ ಕುರ್ಚಿ ಮೇಲೆ ಕೂರಿಸ್ತೀನಿ ಅಂದಿದ್ದೆ ಈಶ್ವರಣ್ಣ. ಮನಸ್ಸಲ್ಲಿ ಇಟ್ಕೋಬೇಡಿ.”

“ಅಯ್ಯೋ, ಅದೇನವ್ವ.”

“ಅದಲ್ಲ. ಚೀಲ ಬಂದ ದಿನ ನಾನೇ ಬಿಚ್ಚಿ ನೋಡಿದ್ದೆ. ಮೂಸಿದ್ದೆ, ಕಡಿದೂ ನೋಡಿದ್ದೆ. ಏನೂ ಗೊತ್ತಾಗ್ಲಿಲ್ಲ ನನಗೆ.” ಅವಳು ತನ್ನ ಅಂಗೈಯನ್ನು ಬಿಡಿಸಿ ಖಾಲಿ ಜಾಗವನ್ನು ನೋಡಿದಳು. “ನೀವು ಕಲಿಸಿದ್ದೆಲ್ಲ ಕೈ ಬಿಟ್ಟು ಹೋಯ್ತು ಅನ್ಸುತ್ತೆ. ಇನ್ಮೇಲೆ ನಾನು ಅಕ್ಕಿ ನೋಡಕ್ಕೆ ಹೋಗಲ್ಲ. ನೀವೇ ನೋಡಿ.”

ಎದುರಿನ ತಂತಿಯ ಮೇಲೆ ಏಳು ಗುಬ್ಬಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಈಶ್ವರ ಕಾಫಿಯನ್ನು ಊದಿದ. ಅಕ್ಕಿಯನ್ನು ಊದುವ ಹಾಗೆ, ಬಹಳ ಹೊತ್ತು ಊದಿದ. ಅವಳು ಎದ್ದು ಒಳಗೆ ಹೋದಳು.

ಚೀಲ ಬಂದ ದಿನ ಅಕ್ಕಿ ಚೊಕ್ಕಟವಾಗಿಯೇ ಇತ್ತು, ಅವಳು ನೋಡಿದ್ದು ಸರಿಯಾಗಿಯೇ ಇತ್ತು ಎಂಬ ಮಾತನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.